ಭಾವೀ ಅಳಿಯನಿಗೆ ಭಾವಪೂರ್ಣ ಶ್ರದ್ಧಾಂಜಲಿ

ನಗೆಯು ಆರು ಬಗೆಯದೆಂದು ಪ್ರಾಚೀನ ಲಾಕ್ಷಣಿಕರು ವಿಂಗಡಿಸಿದ್ದಾರೆ. ತುಟಿಯಂಚಿನಲ್ಲೇ ಮುಗಿದುಹೋಗುವ ಸ್ಮಿತದಿಂದ ಹಿಡಿದು, ಕಣ್ಣೀರು ಸುರಿಸುತ್ತ ಪಕ್ಕದವನ ಬೆನ್ನಿಗೆ ಗುದ್ದುವ ಅತಿಹಸಿತದವರೆಗೆ ಅವರ ಪಟ್ಟಿ ಬಹಳ ಅಚ್ಚುಕಟ್ಟಾಗಿದೆ. ಆದರೆ ಆ ಮಹನೀಯರು ಎನ್.ಆರ್. ಕಾಲೋನಿಯ ವೆಂಕಟಾಚಲಯ್ಯನವರನ್ನು ಕಂಡವರಲ್ಲ. ಕಂಡಿದ್ದರೆ ಏಳನೆಯ ಬಗೆಯೊಂದನ್ನು ಸೇರಿಸದೆ ಗತ್ಯಂತರವಿರುತ್ತಿರಲಿಲ್ಲ: ವಿಷಯ ಏನೆಂದು ತಿಳಿಯದಿದ್ದರೂ ಎಲ್ಲರಿಗಿಂತ ಮೊದಲು ನಗುವುದು.

ಅಯ್ಯನವರು ಸರ್ಕಾರಿ ಕಚೇರಿಯೊಂದರ ಕಡತ ವಿಭಾಗದಲ್ಲಿ ಮೂವತ್ತೆರಡು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ಕಡತದ ಒಳಗೇನಿದೆಯೆಂದು ನೋಡುವ ಕೆಟ್ಟ ಕುತೂಹಲಕ್ಕೆ ಅವರು ಎಂದೂ ಬಲಿಯಾದವರಲ್ಲ. ಮೇಲಿನ ಹಾಳೆಯನ್ನು ದರ್ಶಿಸಿ, ‘ಪರಿಶೀಲಿಸಿದೆ’ ಎಂದು ಬರೆದು ಮುಂದಿನ ಮೇಜಿಗೆ ದಾಟಿಸುತ್ತಿದ್ದರು. ಇಂಥ ದೀರ್ಘ ತಪಸ್ಸು ವ್ಯರ್ಥವಾಗುವುದುಂಟೆ? ನಿವೃತ್ತಿಯ ಎರಡನೆಯ ವರ್ಷ ಅವರು ಹೊಸ ಫೋನು ಕೊಂಡಾಗ, ಗಾಂಧಿ ಬಜಾರಿನ ಮೊಬೈಲ್ ಅಂಗಡಿಯ ಗೌರೀಶನು ಕೇಳಿದ: “ಸಾರ್, ಮನೇಲಿ ಬೋರ್ ಆಗುತ್ತೆ ಅಂತೀರಲ್ಲ, ನಮ್ಮ ಗ್ರೂಪಿಗೆ ಸೇರಿಸ್ಲಾ? ಬರೀ ಮೀಮ್ಸು, ತಮಾಷೆ. ರಾಜಕೀಯ ಇಲ್ಲ, ಗುಡ್ ಮಾರ್ನಿಂಗ್ ಇಲ್ಲ.”

“ಹಾಸ್ಯರಸ ನನಗೆ ಹೊಸದೇನಪ್ಪಾ? ಸೇರಿಸು,” ಎಂದರು ಅಯ್ಯನವರು.

ಹೀಗೆ ಅವರು ‘ಹಲ್ಲುಕಿರಿ ಬಳಗ’ ಎಂಬ ವಾಟ್ಸಪ್ ಗುಂಪನ್ನು ಪ್ರವೇಶಿಸಿದರು. ಅದರಲ್ಲಿ ನೂರ ನಲವತ್ತು ಜನ; ಗೌರೀಶನೊಬ್ಬನನ್ನು ಬಿಟ್ಟರೆ ಒಬ್ಬರನ್ನೊಬ್ಬರು ಕಂಡವರು ಕಡಿಮೆ. ಎಲ್ಲರಿಗೂ ಕಾವ್ಯನಾಮ. ಅಯ್ಯನವರು ‘ವಿನೋದಭೂಷಣ’ ಎಂಬ ಬಿರುದನ್ನು ತಮಗೆ ತಾವೇ ದಯಪಾಲಿಸಿಕೊಂಡು, ಮುಖದ ಬದಲು ಕೆಂಪು ದಾಸವಾಳದ ಚಿತ್ರವನ್ನಿಟ್ಟರು.

ಮೀಮು ಎಂಬುದು ಮೇಲೊಂದು ಚಿತ್ರ, ಕೆಳಗೊಂದು ಮಾತು ಇರುವ ಆಧುನಿಕ ಮುಕ್ತಕ. ಚಿತ್ರವು ಉದ್ದವಾಗಿದ್ದರೆ ಫೋನು ಅದರ ಮೇಲರ್ಧವನ್ನಷ್ಟೆ ತೋರಿಸುತ್ತದೆ. ಬೆರಳಿನಿಂದ ಮುಟ್ಟಿದರೆ ಮಾತ್ರ ಪೂರ್ತಿ ತೆರೆದುಕೊಳ್ಳುತ್ತದೆ. ಈ ರಹಸ್ಯವನ್ನು ಅಯ್ಯನವರಿಗೆ ಯಾರೂ ಉಪದೇಶಿಸಿರಲಿಲ್ಲ. ತೆರೆದು ನೋಡುವ ಅಭ್ಯಾಸ ಅವರಿಗೆ ಮೊದಲೇ ಇಲ್ಲ. ಹೀಗಾಗಿ ಎಂಟು ತಿಂಗಳಿನಿಂದ ಅವರು ಸಾವಿರಾರು ಮೀಮುಗಳ ಮೇಲರ್ಧವನ್ನೇ ಕಂಡು, ಪ್ರತಿಯೊಂದಕ್ಕೂ ಮೂರು ನಗುವ ಮುಖಗಳನ್ನು ಒತ್ತಿ, ಆಮೇಲೊಂದು ವಿಮರ್ಶೆ ಬರೆಯುತ್ತಿದ್ದರು. ಒಮ್ಮೆ ಯಾರೋ ಬಸ್ಸಿಗಾಗಿ ಕಾದು ಅಸ್ಥಿಪಂಜರವಾದವನ ಮೀಮು ಹಾಕಿದರು. ಅಸ್ಥಿಪಂಜರ ಕೆಳಗಿತ್ತು. ಮೇಲಿದ್ದ ಬಸ್ ನಿಲ್ದಾಣವನ್ನಷ್ಟೆ ಕಂಡ ಅಯ್ಯನವರು, “ಆಹಾ! ನೆರಳಿನ ಸೌಕರ್ಯ ಚೆನ್ನಾಗಿದೆ,” ಎಂದು ಬರೆದರು.

ಬಳಗ ನಕ್ಕು ಉರುಳಿತು. ಇಷ್ಟು ತಣ್ಣನೆಯ ವ್ಯಂಗ್ಯವನ್ನು ಅವರು ಈ ಹಿಂದೆ ಕಂಡಿರಲಿಲ್ಲ. “ಗುರು, ನೀನು ಬೇರೆ ಲೆವೆಲ್,” ಎಂದು ಒಬ್ಬ ಬರೆದರೆ, “ಮಗಾ, ಎಲ್ಲಿದ್ದೆ ಇಷ್ಟು ದಿನ?” ಎಂದು ಕೇಳಿದವನು ‘ಪುಳಿಯೋಗರೆ ಪೈಲ್ವಾನ್’ ಎಂಬ ನಾಮಾಂಕಿತನು. ಅರವತ್ತೆರಡನೆಯ ವಯಸ್ಸಿನಲ್ಲಿ ಅಪರಿಚಿತನೊಬ್ಬನಿಂದ ‘ಮಗಾ’ ಎನ್ನಿಸಿಕೊಂಡ ಅಯ್ಯನವರಿಗೆ ಆ ದಿನ ಎರಡು ತುತ್ತು ಅನ್ನ ಹೆಚ್ಚಿಗೆ ಸೇರಿತು. ಅಂದಿನಿಂದ ಪೈಲ್ವಾನನಿಗೂ ಅವರಿಗೂ ದಿನವಹಿ ಕೀಟಲೆ. “ತಿಂಡಿ ಆಯ್ತಾ ಮಗಾ?” ಎಂದು ಅವನು ಕೇಳಿದರೆ, “ದೇವತಾರ್ಚನೆಗೆ ಮುನ್ನ ತಿಂಡಿಯೆ?” ಎಂದು ಇವರು ಗದರುವರು. ಅದಕ್ಕೂ ನೂರ ನಲವತ್ತು ಜನ ನಗುವರು.

ಇಂಥ ಕೀರ್ತಿಶಿಖರದಲ್ಲಿ ಅಯ್ಯನವರು ವಿರಾಜಮಾನರಾಗಿರುವಾಗಲೇ ಮಗಳು ಮಧುರಾಳ ನಿಶ್ಚಿತಾರ್ಥ ಗೊತ್ತಾಯಿತು. ಹದಿನೇಳು ಜಾತಕಗಳು ಕೂಡಿಬರದೆ, ಎರಡು ಸಂಬಂಧಗಳು ಕೂಡಿಬಂದೂ ಅಯ್ಯನವರ ವಾಗ್ವೈಭವದಿಂದ ಮುರಿದುಬಿದ್ದ ಮೇಲೆ, ಚಾಮರಾಜಪೇಟೆಯ ವೇಣುಗೋಪಾಲ್ ಮತ್ತು ವಿಶಾಲಾಕ್ಷಮ್ಮ ದಂಪತಿಯ ಮಗ ಸಂಕರ್ಷಣ ಸಿಕ್ಕಿದ್ದ. ಹುಡುಗ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸದಲ್ಲಿದ್ದಾನೆ. ಎಲ್ಲಕ್ಕಿಂತ ಮಿಗಿಲಾಗಿ ಮಧುರಾಳಿಗೆ ಹಿಡಿಸಿದ್ದಾನೆ. ಭಾನುವಾರ ಲಗ್ನಪತ್ರಿಕೆ.

“ನೋಡಿ, ಭಾನುವಾರದ ತನಕ ಬಾಯಿ ಬಿಡ್ಬೇಡಿ. ಇದೂ ತಪ್ಪಿಹೋದ್ರೆ ನಾನು ತೌರಿಗೆ ಹೋಗಿ ಕೂತ್ಬಿಡ್ತೀನಿ, ನೀವುಂಟು ನಿಮ್ಮ ಹಲ್ಲುಕಿರಿಯೋರುಂಟು,” ಎಂದು ಪತ್ನಿ ಕಾವೇರಮ್ಮನವರು ಎಚ್ಚರಿಸಿದ್ದರು. ಗುರುವಾರ ಬೆಳಗ್ಗೆ ತಾಯಿ ಮಗಳು ಸೀರೆ ತರಲು ಚಿಕ್ಕಪೇಟೆಗೆ ಹೊರಡುವಾಗಲೂ ಅದನ್ನೇ ಮತ್ತೊಮ್ಮೆ ಹೇಳಿದರು.

ಹನ್ನೊಂದು ಗಂಟೆಗೆ ಫೋನು ಸದ್ದು ಮಾಡಿತು. ಗೌರೀಶನು ಒಂದು ಚಿತ್ರ ಕಳುಹಿಸಿದ್ದ. ಅಯ್ಯನವರ ಹೆಬ್ಬೆರಳು ನಿತ್ಯನೇಮದಂತೆ ಮೂರು ನಗುವ ಮುಖಗಳನ್ನು ಒತ್ತಿತು. ಅನಂತರ ಕಣ್ಣು ಚಿತ್ರದ ಮೇಲೆ ಬಿದ್ದಿತು.

ಎರಡು ಪಕ್ಕದಲ್ಲಿ ದೀಪ. ನಡುವೆ ಮಲ್ಲಿಗೆ ಹಾರ ಹಾಕಿದ ಸಂಕರ್ಷಣನ ಫೋಟೋ. ‘ಭಾವಪೂರ್ಣ ಶ್ರದ್ಧಾಂಜಲಿ. ನಮ್ಮೆಲ್ಲರನ್ನು ಅಗಲಿದ ಗೆಳೆಯ ಸಂಕರ್ಷಣ.’

ಅಲ್ಲಿಗೆ ಚಿತ್ರ ಮುಗಿದಿತ್ತು. ಎಂದರೆ ಅಯ್ಯನವರ ಪಾಲಿಗೆ ಮುಗಿದಿತ್ತು. ಕೆಳಗಿನ ಅರ್ಧದಲ್ಲಿ ಏನಿತ್ತೆಂಬುದನ್ನು ಓದುಗರಿಗೆ ಈಗಲೇ ಹೇಳಿಬಿಡುವುದು ಧರ್ಮ: ‘ಕಾರಣ: ಭಾನುವಾರ ನಿಶ್ಚಿತಾರ್ಥ. ಇನ್ನು ಮೇಲೆ ಕ್ರಿಕೆಟ್ಟಿಗೂ ಸಿಗುವುದಿಲ್ಲ, ಫೋನಿಗೂ ಸಿಗುವುದಿಲ್ಲ. ಇಂತಿ, ದುಃಖತಪ್ತ ಬ್ರಹ್ಮಚಾರಿಗಳು.’ ಗೌರೀಶನೂ ಸಂಕರ್ಷಣನೂ ಶಾಲೆಯ ಗೆಳೆಯರು. ಮದುವೆ ಗೊತ್ತಾದವನಿಗೆ ಗೆಳೆಯರು ಹೀಗೆ ಜೀವಂತ ತಿಥಿ ಮಾಡುವುದು ಈಗಿನ ಹುಡುಗರ ಹದಿನೇಳನೆಯ ಸಂಸ್ಕಾರ.

ಅಯ್ಯನವರು ಮತ್ತೊಮ್ಮೆ ಓದಿದರು. ಕೆಳಗೆ ಒಂದೊಂದಾಗಿ ಸಂತಾಪಗಳು ಬಂದು ಬೀಳತೊಡಗಿದವು. “ಅಯ್ಯೋ, ಹೋಗೋ ವಯಸ್ಸಾ ಇದು?” “ಒಳ್ಳೆ ಹುಡುಗ ಇದ್ದ.” “ಮತ್ತೆ ಹುಟ್ಟಿ ಬಾ ಗೆಳೆಯ.” ಇವೆಲ್ಲದರ ನೆತ್ತಿಯ ಮೇಲೆ, ಭಾವೀ ಅಳಿಯನ ಸಾವಿಗೆ ಜಗತ್ತಿನಲ್ಲೇ ಮೊದಲು ನಕ್ಕ ಮಾವನ ಮೂರು ಮುಖಗಳು ಹಲ್ಲು ಬಿಟ್ಟುಕೊಂಡು ಕುಳಿತಿದ್ದವು. ಅಷ್ಟರಲ್ಲಿ ಪುಳಿಯೋಗರೆ ಪೈಲ್ವಾನನು ಬರೆದ: “ಹೋಗ್ಬರ್ತೀನಿ ಕಣ್ರೋ. ನನ್ನ ಬ್ಯಾಟ್ ಯಾರೂ ಮುಟ್ಟಬೇಡಿ.”

ಪೈಲ್ವಾನನೇ ಸಂಕರ್ಷಣನೆಂಬುದು ಅಯ್ಯನವರಿಗೆ ತಿಳಿಯುವ ಬಗೆ ಯಾವುದು? ಅವರಿಗೆ ರೋಷ ಉಕ್ಕಿತು. “ಅಯ್ಯಾ ಪೈಲ್ವಾನ, ಮೃತನ ವಿಷಯದಲ್ಲಿ ಪರಿಹಾಸ ಸಲ್ಲದು!” ಎಂದು ಬರೆದರು.

“ಮೃತನೇ ಪರ್ಮಿಷನ್ ಕೊಟ್ಟಿದಾನೆ ಮಗಾ, ಪರವಾಗಿಲ್ಲ,” ಎಂದು ಉತ್ತರ ಬಂದಿತು. ನೂರ ನಲವತ್ತು ಜನ ನಕ್ಕರು. ಎಂಥ ನೀಚರ ಸಹವಾಸದಲ್ಲಿ ತಾವು ಎಂಟು ತಿಂಗಳು ಕಳೆದೆವೆಂದು ಅಯ್ಯನವರು ಹಣೆ ಚಚ್ಚಿಕೊಂಡರು.

ಒಂದು ಫೋನು ಮಾಡಿ ಕೇಳಬಹುದಿತ್ತಲ್ಲ ಎಂದು ಈ ಕಾಲದವರು ಕೇಳಬಹುದು. ಸಾವಿನ ಮನೆಗೆ ಫೋನು ಮಾಡಿ ‘ಹೌದೇನ್ರೀ?’ ಎಂದು ವಿಚಾರಿಸುವ ಕುಲದಲ್ಲಿ ಅಯ್ಯನವರು ಹುಟ್ಟಿದವರಲ್ಲ. ಅವರು ಉತ್ತರೀಯ ಹೊದ್ದು ಬಾಗಿಲಿಗೆ ಬೀಗ ಹಾಕಿದರು. ಪಕ್ಕದ ಗೇಟಿನಲ್ಲಿ ದೊಡ್ಡಬೈರಪ್ಪನವರು ನಿಂತಿದ್ದರು.

ದೊಡ್ಡಬೈರಪ್ಪನವರು ನಾಲ್ಕು ಕಟ್ಟಡಗಳ ಒಡೆಯರು, ಮುಂದಿನ ಪಾಲಿಕೆ ಚುನಾವಣೆಯ ಆಕಾಂಕ್ಷಿಗಳು. ಚುನಾವಣೆ ಎಂದು ನಡೆಯುವುದೋ ಆ ದೇವರೇ ಬಲ್ಲ. ಇವರು ಮಾತ್ರ ಪ್ರತಿದಿನವೂ ಸಿದ್ಧ. ಬಡಾವಣೆಯಲ್ಲಿ ಯಾರೇ ಸತ್ತರೂ ಮಗನಿಗಿಂತ ಮೊದಲು ತಲುಪುವವರೆಂದು ಅವರಿಗೆ ಖ್ಯಾತಿಯಿದೆ.

“ಏನ್ ಸ್ವಾಮಿ, ಮುಖ ಹಿಂಗಾಗೈತೆ? ಯಾರು ಹೋಗಿದ್ದು?” ಎಂದರು. ಅವರಿಗೆ ಮುಖ ನೋಡಿದರೇ ಗೊತ್ತಾಗುತ್ತದೆ.

“ನಮ್ಮ ಅಳಿಯ ಆಗ್ಬೇಕಾಗಿದ್ದ ಹುಡುಗ, ಬೈರಪ್ಪನವರೆ.”

“ಅಯ್ಯಯ್ಯೋ ಶಿವನೆ! ಯಾವ ವಾರ್ಡು?”

“ಚಾಮರಾಜಪೇಟೆ.”

ಬೈರಪ್ಪನವರ ಮುಖದಲ್ಲಿ ನಿಜವಾದ ದುಃಖ ಆಗ ಕಾಣಿಸಿತು. “ಥೋ, ನಮ್ಮ ವಾರ್ಡಲ್ಲ... ಇರ್ಲಿ ಬುಡಿ, ಮನುಷ್ಯತ್ವ ಅಂತ ಒಂದೈತಲ್ಲ. ಫೋಟೋ ಐತಾ?” ಎಂದು ಅಯ್ಯನವರ ಫೋನನ್ನು ಕಿತ್ತುಕೊಂಡು, ಚಿತ್ರವನ್ನು ಹಾಗೆಯೇ ಫ್ಲೆಕ್ಸ್ ಅಂಗಡಿಗೆ ದಾಟಿಸಿ, ತಮ್ಮ ಫೋನಿನಲ್ಲಿ ಅಪ್ಪಣೆ ಕೊಡಿಸಿದರು: “ಲೋ, ಆ ಹುಡುಗನ ಫೋಟೋ ಮೇಲಾಕು, ಕೆಳಗಿರೋದೆಲ್ಲ ಕಿತ್ತಾಕಿ ನನ್ನ ಫೋಟೋ ಹಾಕು. ನಂದು ಸ್ವಲ್ಪ ದೊಡ್ಡದಿರ್ಲಿ. ನಗ್ತಿರೋದು ಬೇಡ, ಕೈ ಮುಗ್ದಿರೋದು ಹಾಕು. ಚಾಮರಾಜಪೇಟೆ, ವಿಳಾಸ ಕಳುಸ್ತೀನಿ, ಅವರ ರಸ್ತೆ ಬಾಯಲ್ಲೇ ಕಟ್ಬುಡು.” ನೂರಾರು ಸಾವುಗಳಲ್ಲಿ ಪಳಗಿದ ಫ್ಲೆಕ್ಸಿನವನು ಪ್ರಶ್ನೆ ಕೇಳುವ ಪೈಕಿಯವನಲ್ಲ.

ಬೈರಪ್ಪನವರ ಕಾರು ಅಯ್ಯನವರನ್ನು ಬೀಗರ ಮನೆಯ ಮುಂದೆ ಇಳಿಸಿ, ಹಾರ ತರಲು ಮಾರ್ಕೆಟ್ಟಿಗೆ ಹೋಯಿತು.

ಅಯ್ಯನವರು ಕಣ್ಣೆತ್ತಿ ನೋಡಿದರು. ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿವೆ. ಅಂಗಳದ ಮೂಲೆಯಲ್ಲಿ ಸೌದೆ ಉರಿದು ಹೊಗೆಯೇಳುತ್ತಿದೆ. ಇನ್ನು ಅನುಮಾನಕ್ಕೆ ಎಡೆಯೆಲ್ಲಿ? ಭಾನುವಾರಕ್ಕೆ ಬರುವ ನೆಂಟರಿಗೆಂದು ಕುರ್ಚಿ ತರಿಸಿರಬಹುದು, ಅಡಿಗೆಯವರು ಚಕ್ಕುಲಿಗೆ ಎಣ್ಣೆ ಕಾಯಿಸುತ್ತಿರಬಹುದು ಎಂಬ ಅನ್ಯಥಾ ಕಲ್ಪನೆಗಳು ಶ್ರದ್ಧೆಯುಳ್ಳವರಿಗೆ ಹೊಳೆಯುವುದಿಲ್ಲ.

ವೇಣುಗೋಪಾಲರು ಮುಖ ಅರಳಿಸಿಕೊಂಡು ಓಡಿಬಂದರು. “ಬನ್ನಿ ಬೀಗರೆ, ಬನ್ನಿ! ಸರಿಯಾದ ಹೊತ್ತಿಗೆ ಬಂದ್ರಿ, ಚಕ್ಕುಲಿ ಮೊದಲನೆ ಒಬ್ಬೆ ತೆಗೀತಿದಾರೆ!”

ಪುತ್ರಶೋಕದಲ್ಲಿ ಪಾಪ, ಬುದ್ಧಿ ಚಲಿಸಿದೆ ಎಂದುಕೊಂಡರು ಅಯ್ಯನವರು. ಅವರ ಎರಡೂ ಭುಜಗಳನ್ನು ಹಿಡಿದು, “ಧೈರ್ಯ ತಂದ್ಕೊಳಿ. ನಮ್ಮ ಕೈಲಿ ಏನಿದೆ?” ಎಂದರು.

“ನಮ್ಮ ಕೈಲಿ ಏನಿಲ್ಲ ಬಿಡಿ, ಎಲ್ಲಾ ಅಡಿಗೆಯೋರದ್ದೇ,” ಎಂದರು ವೇಣುಗೋಪಾಲರು.

“ಸಂಕರ್ಷಣ...” ಎಂದು ಅಯ್ಯನವರು ಒಳಮನೆಯತ್ತ ನೋಡಿದರು.

“ಅಯ್ಯೋ, ನೀವು ಬರ್ತೀರ ಅಂತ ಗೊತ್ತಿದ್ರೆ ಇಟ್ಕೊಂಡಿರ್ತಿದ್ವಿ. ಬೆಳಿಗ್ಗೆ ಒಂಬತ್ತಕ್ಕೇ ನಾಲ್ಕು ಜನ ಸ್ನೇಹಿತರು ಬಂದು ಕರ್ಕೊಂಡ್ ಹೋಗ್ಬಿಟ್ರು.”

ಕಡೆಯ ದರ್ಶನವೂ ತಪ್ಪಿಹೋಯಿತೆಂದು ಅಯ್ಯನವರು ಕಣ್ಣೊರಸಿಕೊಂಡರು. ಆಗ ವಿಶಾಲಾಕ್ಷಮ್ಮನವರು ಬೆಳ್ಳಿ ಲೋಟದಲ್ಲಿ ಕಾಫಿ ತಂದು, “ಹೊಸಿಲಾಚೆನೇ ಯಾಕೆ ನಿಂತ್ಕೊಂಡ್ರಿ? ಒಳಗೆ ಬನ್ನಿ, ಕಾಫಿ ತಗೊಳಿ,” ಎಂದರು.

ಅಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. “ಬೇಡಮ್ಮ. ಈ ಮನೇಲಿ ನಾನು ಹನಿ ನೀರೂ ಮುಟ್ಟೋ ಹಾಗಿಲ್ಲ.”

ಇಲ್ಲಿ ಎರಡು ಶಾಸ್ತ್ರಗಳು ಢಿಕ್ಕಿ ಹೊಡೆದವು. ಸಾವಿನ ಮನೆಯಲ್ಲಿ ಏನನ್ನೂ ಸೇವಿಸಬಾರದೆಂಬುದು ಒಂದು. ಸಂಬಂಧ ಗೊತ್ತಾದ ಮನೆಯ ಕಾಫಿಯನ್ನು ಹೆಣ್ಣಿನ ತಂದೆ ನಿರಾಕರಿಸಿದರೆ ಸಂಬಂಧವನ್ನೇ ನಿರಾಕರಿಸಿದಂತೆ ಎಂಬುದು ಇನ್ನೊಂದು. ಅಯ್ಯನವರು ಮೊದಲನೆಯದನ್ನು ಪಾಲಿಸುತ್ತಿದ್ದರು. ವಿಶಾಲಾಕ್ಷಮ್ಮನವರು ಎರಡನೆಯದನ್ನು ಓದಿಕೊಂಡಿದ್ದರು.

“ಮುಟ್ಟೋ ಹಾಗಿಲ್ಲ ಅಂದ್ರೆ ಏನ್ರೀ ಅರ್ಥ?”

“ನಮ್ಮ ಮಧುರಾಗೆ ಈ ಮನೆ ಋಣ ಇರ್ಲಿಲ್ಲ ಅಂತ ಅರ್ಥ. ಛತ್ರದೋರಿಗೆ, ಪುರೋಹಿತರಿಗೆ ಬೇಡ ಅಂತ ನಾನೇ ಹೇಳ್ತೀನಿ. ನೀವು ಒಂದಕ್ಕೂ ಓಡಾಡ್ಬೇಡಿ.”

“ನಮ್ಮ ಹುಡುಗನಲ್ಲಿ ಏನ್ ಕೊರತೆ ಕಂಡ್ರಿ ಸ್ವಾಮಿ?” ಎಂದು ವೇಣುಗೋಪಾಲರ ದನಿ ಏರಿತು.

“ಕೊರತೆಯೆ? ಚಿನ್ನದಂಥ ಹುಡುಗ. ಇನ್ನು ಅವನಲ್ಲಿ ಕೊರತೆ ಹುಡುಕಿ ಯಾರಿಗೆ ಏನು ಪ್ರಯೋಜನ?” ಎಂದು ಬಿಕ್ಕಿ, ಅಯ್ಯನವರು ತಿರುಗಿ ನಡೆದರು. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಎನ್ನಬಾರದು. ಅನ್ನಲಿಲ್ಲ.

“‘ಬರ್ತೀನಿ’ ಅಂತ ಒಂದು ಮಾತೂ ಹೇಳ್ದೆ ಹೋದ್ರಲ್ರೀ!” ಎಂದು ವಿಶಾಲಾಕ್ಷಮ್ಮನವರು ಲೋಟ ಹಿಡಿದೇ ಕುಸಿದು ಕುಳಿತರು. ವೇಣುಗೋಪಾಲರು ನೇರವಾಗಿ ಕಾವೇರಮ್ಮನವರಿಗೆ ಫೋನು ಮಾಡಿದರು.

ಅಯ್ಯನವರು ಆಟೋ ಹಿಡಿದು ಮನೆಗೆ ಬಂದು, ಹಿತ್ತಿಲ ನಲ್ಲಿಯ ಕೆಳಗೆ ಉಟ್ಟ ಪಂಚೆಯಲ್ಲೇ ತಣ್ಣೀರು ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಕುಳಿತಿದ್ದಾಗ ತಾಯಿ ಮಗಳು ಒಳನುಗ್ಗಿದರು. ಸೀರೆಯ ಚೀಲ ಅಂಗಳದಲ್ಲೇ ಬಿದ್ದಿತು.

“ಏನ್ರೀ ಮಾಡ್ಕೊಂಡ್ ಬಂದ್ರಿ? ವಿಶಾಲಾಕ್ಷಮ್ನೋರು ಫೋನಲ್ಲಿ ಹೋ ಅಂತ ಅಳ್ತಿದಾರೆ!”

“ಅಳದೆ ಇನ್ನೇನು ಮಾಡ್ತಾರೆ? ಹೆತ್ತ ಕರುಳು.”

“ಸಂಬಂಧ ಬೇಡ ಅಂದ್ರಂತೆ!”

ಅಯ್ಯನವರು ಮಗಳನ್ನು ಹತ್ತಿರ ಕರೆದರು. “ಮಗೂ, ಮನಸ್ಸು ಗಟ್ಟಿ ಮಾಡ್ಕೋ. ಸಂಕರ್ಷಣ ಇನ್ನಿಲ್ಲ.”

“ಇನ್ನಿಲ್ಲ ಅಂದ್ರೆ?” ಎಂದಳು ಮಧುರಾ. “ಈಗ ತಾನೆ ನನ್ ಜೊತೆ ಮಾತಾಡ್ದ. ಶೇರ್ವಾನಿ ಬಿಗಿಯಾಗಿದೆ ಅಂತ ಟೈಲರ್ ಹತ್ರ ಜಗಳ ಆಡ್ತಿದಾನೆ.”

ಅಯ್ಯನವರು ಮಗಳ ತಲೆ ಸವರಿ, “ಹತ್ತು ದಿನ ಆತ್ಮ ಇಲ್ಲೇ ಸುತ್ತುತ್ತಿರುತ್ತೆ, ಮಗೂ,” ಎಂದರು.

ಕಾವೇರಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅದರ ಅರ್ಥ ಬಲ್ಲ ಅಯ್ಯನವರು ಕೂಡಲೇ ಫೋನು ತೆಗೆದು ಸಾಕ್ಷ್ಯ ಒಪ್ಪಿಸಿದರು. ಮಧುರಾ ಚಿತ್ರದ ಮೇಲೆ ಬೆರಳಿಟ್ಟಳು. ಅದು ತೆರೆದುಕೊಂಡಿತು. ‘ಇಂತಿ, ದುಃಖತಪ್ತ ಬ್ರಹ್ಮಚಾರಿಗಳು’ ಎಂಬಲ್ಲಿಯವರೆಗೆ ಅವಳು ಗಟ್ಟಿಯಾಗಿ ಓದಿದಳು.

ಬದುಕಿರುವ ಅಳಿಯನ ಬಗ್ಗೆ ಆನಂದವನ್ನೋ, ಮುರಿದ ಸಂಬಂಧದ ಬಗ್ಗೆ ಪಶ್ಚಾತ್ತಾಪವನ್ನೋ ಅಯ್ಯನವರು ವ್ಯಕ್ತಪಡಿಸಬೇಕಾದ ಗಳಿಗೆ ಅದು. ಅವರು ಫೋನನ್ನೇ ದಿಟ್ಟಿಸಿ, “ಇದು ತೆರೆಯುತ್ತಾ?” ಎಂದು ಕೇಳಿದರು.

“ಒಣಗಿದ ಬಟ್ಟೆ ಉಟ್ಕೊಳಿ,” ಎಂದರು ಕಾವೇರಮ್ಮನವರು. “ಕಾಲಿಗೆ ಬೀಳೋಕೆ ಹೋಗ್ಬೇಕು.”

ಮೂವರೂ ಆಟೋ ಹಿಡಿದು ಚಾಮರಾಜಪೇಟೆ ತಲುಪಿದಾಗ ಬೀಗರ ರಸ್ತೆಯ ಬಾಯಲ್ಲಿ ಜಾತ್ರೆಯಷ್ಟು ಜನ. ತಲೆಯ ಮೇಲೆ ಹನ್ನೆರಡು ಅಡಿಯ ಫ್ಲೆಕ್ಸು. ಅದರಲ್ಲಿ ಅಂಗೈಯಗಲದ ಸಂಕರ್ಷಣ, ಆಳೆತ್ತರದ ದೊಡ್ಡಬೈರಪ್ಪ. ಸತ್ತವರು ಯಾರೆಂದು ನಿರ್ಧರಿಸುವುದು ಕಷ್ಟವಾಗುವಂತಿತ್ತು. ಅದರ ಕೆಳಗೆ ಸಾಕ್ಷಾತ್ ಸಂಕರ್ಷಣನೇ ಹೊಸ ಕ್ಷೌರದಲ್ಲಿ ನಿಂತು, ತನ್ನ ಶ್ರದ್ಧಾಂಜಲಿಯ ಜೊತೆ ತನ್ನ ಫೋಟೋ ತೆಗೆದುಕೊಳ್ಳುತ್ತಿದ್ದ.

“ಅಯ್ಯೋ ನನ್ನಪ್ಪಾ, ಬೆಳಿಗ್ಗೆ ನನ್ನತ್ರನೇ ಮಲ್ಲಿಗೆ ತಗೊಂಡ್ಯಲ್ಲಾ!” ಎಂದು ಹೂವಿನ ಮುನಿಯಮ್ಮ ಅವನ ತೋಳು ಚಿವುಟಿ ನೋಡಿದಳು.

“ಅಮ್ಮಾ! ನೋಯುತ್ತೆ!”

“ನೋಯ್ತದಾ? ಹಂಗಾರೆ ಬದುಕವ್ನೆ ಬುಡ್ರವ್ವಾ,” ಎಂದು ಅವಳು ನೆರೆದವರಿಗೆ ಘೋಷಿಸಿದಳು.

ಅದೇ ಹೊತ್ತಿಗೆ ಕಾರು ಬಂದು ನಿಂತಿತು. ಆನೆಗೆ ಹಾಕುವಂಥ ಸುಗಂಧರಾಜದ ಹಾರ ಹೊತ್ತು ದೊಡ್ಡಬೈರಪ್ಪನವರು ಇಳಿದರು. ಫ್ಲೆಕ್ಸು ನೋಡಿದರು, ಹುಡುಗನನ್ನು ನೋಡಿದರು, ನೆರೆದ ಜನವನ್ನೂ ನೋಡಿದರು. ಸಾಮಾನ್ಯನಾದರೆ ಗಲಿಬಿಲಿಗೊಳ್ಳುತ್ತಿದ್ದ. ಆದರೆ ತಂದ ಹಾರವನ್ನು ಹಾಕದೆ ಹಿಂದಿರುಗುವುದು ಸಾರ್ವಜನಿಕ ಜೀವನದ ಧರ್ಮಕ್ಕೆ ವಿರುದ್ಧ. “ನೂರ್ ವರ್ಷ ಬಾಳಪ್ಪಾ!” ಎಂದು ಅದನ್ನು ಸಂಕರ್ಷಣನ ಕೊರಳಿಗೇ ಹಾಕಿ, ಫೋಟೋಕ್ಕೆ ಮುಖ ಕೊಟ್ಟರು.

ಗದ್ದಲ ಕೇಳಿ ವಿಶಾಲಾಕ್ಷಮ್ಮನವರು ಹೊರಗೆ ಬಂದದ್ದು ಸರಿಯಾಗಿ ಆಗ. ಮೇಲೆ ಶ್ರದ್ಧಾಂಜಲಿ, ಕೆಳಗೆ ಕೊರಳಲ್ಲಿ ಹಾರ ಹೊತ್ತ ಹೆತ್ತ ಮಗ, ಪಕ್ಕದಲ್ಲಿ ಬೀಗರನ್ನು ಆಗ ಇಳಿಸಿಹೋಗಿದ್ದ ಅದೇ ಕಾರು, ಎದುರಿಗೆ ಆಟೋದಿಂದಿಳಿಯುತ್ತಿರುವ ಬೀಗರು. ಆ ತಾಯಿಯ ಸಿಟ್ಟಿನ ಎದುರು ಅಂಗಳದ ಸೌದೆಯೊಲೆ ತಣ್ಣಗಿತ್ತು.

“ಸಂಬಂಧ ಬೇಡ ಅಂದಿದ್ದಲ್ದೆ ನನ್ನ ಮಗನ ತಿಥೀನೂ ಮಾಡಿಬಿಟ್ರಾ? ಇನ್ನು ನೀವೇ ಬೇಕು ಅಂದ್ರೂ ನಮಗೆ ಬೇಡ! ಜೀವ ಇರೋನಿಗೆ ಹಾರ ಹಾಕ್ಸಿದ ಮನೆ ಹೆಣ್ಣು ನಮ್ಮ ಹೊಸಿಲು ತುಳಿಯೋದು ಬೇಡ!”

ಕಾವೇರಮ್ಮನವರು ಕೈ ಹಿಡಿದು ಬೇಡಿಕೊಂಡರು. ವೇಣುಗೋಪಾಲರು ಮುಖ ತಿರುಗಿಸಿದರು. ಮಧುರಾಳ ಕಣ್ಣು ತುಂಬಿತು. ಅವಳು ತಂದೆಯ ಫೋನನ್ನು ಸಂಕರ್ಷಣನ ಕೈಗಿತ್ತಳು. “ನಮ್ಮಪ್ಪ ಇದರ ಮೇಲರ್ಧ ಮಾತ್ರ ನೋಡಿದ್ದು. ನೀನೇ ಹೇಳು ನಿಮ್ಮಮ್ಮನಿಗೆ.”

ಸಂಕರ್ಷಣ ನೋಡಿದ. ಮೂರು ನಗುವ ಮುಖ ಕಂಡ. ‘ಮೃತನ ವಿಷಯದಲ್ಲಿ ಪರಿಹಾಸ ಸಲ್ಲದು’ ಎಂಬುದನ್ನು ಓದಿದ. ದಾಸವಾಳದ ಚಿತ್ರ ನೋಡಿದ. ಕಣ್ಣು ಬಿಟ್ಟುಕೊಂಡು ಅಯ್ಯನವರನ್ನು ನೋಡಿದ.

“ವಿನೋದಭೂಷಣ... ನೀವಾ?”

“ಹೌದಪ್ಪ. ನಿನಗೆ ಹೇಗೆ ಗೊತ್ತು?”

“ಮಗಾ! ಪೈಲ್ವಾನ್ ನಾನೇ ಕಣೋ!” ಎಂದು ತಬ್ಬಿಕೊಳ್ಳಲು ಹೋದವನು ನಡುದಾರಿಯಲ್ಲಿ ಸಂಬಂಧದ ನೆನಪಾಗಿ, ತಬ್ಬಲು ಚಾಚಿದ ಕೈಗಳನ್ನು ಹಾಗೆಯೇ ಇಳಿಸಿ ಪಾದ ಮುಟ್ಟಿದ. “ಕ್ಷಮಿಸಿ ಮಾವ.”

“ಆ ನೀಚ ನೀನೇನಾ!” ಎಂದರು ಅಯ್ಯನವರು, ಆನಂದಬಾಷ್ಪದೊಡನೆ.

ಸಂಕರ್ಷಣ ತಾಯಿಯ ಕಡೆ ತಿರುಗಿದ. “ಅಮ್ಮಾ, ನೂರ ನಲವತ್ತು ಜನ ಇದಾರೆ ಗುಂಪಲ್ಲಿ. ನಾನು ಸತ್ತೆ ಅಂತ ನಿಜವಾಗ್ಲೂ ಅತ್ತೋರು ಇವರೊಬ್ರೇ. ಈ ಮನೆ ಬಿಟ್ರೆ ನಾನು ಬೇರೆ ಎಲ್ಲೂ ಮದ್ವೆ ಆಗಲ್ಲ.”

“ಮೊದಲು ನಕ್ಕೋರೂ ಇವರೇ,” ಎಂದರು ವಿಶಾಲಾಕ್ಷಮ್ಮನವರು. ಅಷ್ಟರಲ್ಲಿ ಅವರು ಮಗನ ಕೈಯಿಂದ ಫೋನು ಕಸಿದು ಪೂರ್ತಿ ಓದಿದ್ದರು.

ಮಗನ ಹಟ ಒಂದು ಕಡೆ, ಅಪಶಕುನದ ಭಯ ಇನ್ನೊಂದು ಕಡೆ. ಪುರೋಹಿತರಿಗೆ ಫೋನು ಹೋಯಿತು. ಅವರು ಮೂರು ಮನೆಯ ವ್ರತ ಮುಗಿಸಿ ನಾಲ್ಕನೆಯದಕ್ಕೆ ಸ್ಕೂಟರಿನಲ್ಲಿ ಹೋಗುತ್ತಿದ್ದರು. “ಸುಳ್ಳು ಸಾವಿನ ಸುದ್ದಿ ಹಬ್ಬಿದ್ರೆ ಆಯುಸ್ಸು ಜಾಸ್ತಿ ಅಂತಾರಮ್ಮ. ಆದ್ರೂ ಹುಡುಗಿ ತಂದೆ ಕೈಲಿ ಒಂದು ಆಯುಷ್ಯ ಹೋಮ ಮಾಡ್ಸಿಬಿಡಿ. ಸಿಗ್ನಲ್ ಬಿಡ್ತು, ಇಡ್ತೀನಿ,” ಎಂದು ತೀರ್ಪಿತ್ತರು.

ವಿಶಾಲಾಕ್ಷಮ್ಮನವರು ಫೋನನ್ನು ಅಯ್ಯನವರ ಕೈಗೆ ಹಿಂತಿರುಗಿಸಿದರು. ಕಡೆಗೆ, “ಆಗ್ಲಿ. ಆದ್ರೆ ನಂದೊಂದು ಷರತ್ತು. ಬಾಯಿಮಾತಲ್ಲಿ ಅಲ್ಲ, ಲಗ್ನಪತ್ರಿಕೇಲೇ ಬರೆಸ್ತೀನಿ,” ಎಂದರು.

“ಏನು ಬೇಕಾದ್ರೂ ಬರೆಸಿ,” ಎಂದರು ಕಾವೇರಮ್ಮನವರು. ಅಯ್ಯನವರನ್ನು ಯಾರೂ ಕೇಳಲಿಲ್ಲ.

ಭಾನುವಾರ ಬಸವನಗುಡಿಯ ಛತ್ರದಲ್ಲಿ ಎರಡೂ ಕಡೆಯ ಹಿರಿಯರು ಎದುರುಬದುರು ಕುಳಿತರು. ಮುಂಜಾನೆ ಹೋಮದ ಹೊಗೆ ಕುಡಿದು ಕೆಂಪಾದ ಕಣ್ಣುಗಳಲ್ಲಿ, ತಲೆಗೆ ಜರಿಪೇಟ ಸುತ್ತಿ ಅಯ್ಯನವರು ಕುಳಿತಿದ್ದರು. ಪುರೋಹಿತರು ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನು ಎತ್ತಿ ಹಿಡಿದು ಗಂಭೀರ ಸ್ವರದಲ್ಲಿ ಓದಿದರು. ಸಂವತ್ಸರ, ಅಯನ, ಋತು, ಗೋತ್ರ, ಮೂರು ತಲೆಮಾರಿನ ಹೆಸರು ಎಲ್ಲವೂ ಆದ ಮೇಲೆ, ಧ್ವನಿ ಕಿಂಚಿತ್ತೂ ಬದಲಾಗದಂತೆ ಮುಂದುವರಿದರು: “...ಕನ್ಯಾಪಿತೃಗಳಾದ ವೆಂಕಟಾಚಲಯ್ಯನವರು ವಿವಾಹವು ನೆರವೇರಿ ವರ್ಷ ತುಂಬುವ ಪರ್ಯಂತ ಯಾವುದೇ ಮೀಮನ್ನು ನೋಡತಕ್ಕದ್ದಲ್ಲ, ಕಳುಹಿಸತಕ್ಕದ್ದಲ್ಲ, ಅನ್ಯರ ಫೋನಿನಲ್ಲಿ ಇಣುಕತಕ್ಕದ್ದೂ ಅಲ್ಲವೆಂದು ಗುರುಹಿರಿಯರ ಸಮ್ಮುಖದಲ್ಲಿ ಮನಃಪೂರ್ವಕವಾಗಿ ಒಪ್ಪಿರುತ್ತಾರೆ.”

ಮೀಮು ಎಂದರೆ ಯಾವುದೋ ವ್ರತನಿಷಿದ್ಧ ಪದಾರ್ಥವಿರಬೇಕೆಂದು ಭಾವಿಸಿದ ವೃದ್ಧರೆಲ್ಲ ಅಕ್ಷತೆಯೆತ್ತಿ, “ತಥಾಸ್ತು!” ಎಂದರು.

ಅಯ್ಯನವರ ಕೈಗೆ ಪೆನ್ನು ಬಂದಿತು. ಅವರು ಒಮ್ಮೆ ಮಗಳ ಮುಖ ನೋಡಿದರು. ಹೊಸ ಸೀರೆಯಲ್ಲಿ ಅವಳು ಉಸಿರು ಬಿಗಿಹಿಡಿದಿದ್ದಳು. ಒಮ್ಮೆ ಅಂಗೈಯಲ್ಲಿದ್ದ ಫೋನನ್ನು ನೋಡಿದರು. ತೆರೆಯುವ ವಿದ್ಯೆ ಕಲಿತು ಮೂರು ದಿನವಾಗಿತ್ತಷ್ಟೆ. ಹಳೆಯ ಮೀಮುಗಳ ಕೆಳಗಿನರ್ಧವನ್ನು ಕಾರ್ತಿಕದವರೆಗೂ ಓದಿ ಮುಗಿಸಿದ್ದರು, ಮಾರ್ಗಶಿರದಿಂದಾಚೆಗಿನದೆಲ್ಲ ಬಾಕಿಯಿತ್ತು. ಕೆಳತುಟಿ ನಡುಗಿತು. ಪೇಟ ಒಂದು ಕಡೆಗೆ ವಾಲಿತು. ಫೋನನ್ನು ವಿಶಾಲಾಕ್ಷಮ್ಮನವರ ತಾಂಬೂಲದ ತಟ್ಟೆಯಲ್ಲಿಟ್ಟು, ಅಯ್ಯನವರು ಸಹಿ ಹಾಕಿದರು. ಸರಿಯಾಗಿ ಆ ಕ್ಷಣದಲ್ಲಿ, ಗಂಡಿನ ಕಡೆಯ ಅತಿಥಿಯಾಗಿ ಬಂದಿದ್ದ ಗೌರೀಶನು ಒಂದು ಫೋಟೋ ಹೊಡೆದ.

ಮಂಗಳವಾದ್ಯ ಮೊಳಗಿತು, ಉಂಗುರ ಬದಲಾಯಿತು, ಮಧುರಾ ನಕ್ಕಳು. ಎಲೆಯಲ್ಲಿ ಪಾಯಸ ಬೀಳುವ ಹೊತ್ತಿಗೆ ಆ ಫೋಟೋ ಮಲ್ಲೇಶ್ವರಂ ದಾಟಿತ್ತು. ಸಂಜೆಗೆ ಗಾಂಧಿನಗರದ ಸಿನಿಮಾ ಕಚೇರಿಗಳಲ್ಲಿ, ಮರುದಿನ ಕಲಾಸಿಪಾಳ್ಯದ ತರಕಾರಿ ಮಂಡಿಗಳಲ್ಲಿ ಜನ ಅದನ್ನು ತೋರಿಸಿಕೊಂಡು ನಗುತ್ತಿದ್ದರು. ‘ಸೋಮವಾರ ಆಫೀಸಿಗೆ ಹೊರಟಾಗ ನಾನು’ ಎಂದು ಒಬ್ಬರು ಕೆಳಗೆ ಬರೆದರೆ, ‘ಇವತ್ತಿಂದ ಸಿಹಿ ಬಿಟ್ಟೆ ಅಂತ ಡಾಕ್ಟರಿಗೆ ಮಾತು ಕೊಟ್ಟಾಗ’ ಎಂದು ಇನ್ನೊಬ್ಬರು. ವಿನೋದಭೂಷಣರು ಎಂಟು ತಿಂಗಳಲ್ಲಿ ಗಳಿಸಿದ ಕೀರ್ತಿ ಒಂದು ಗುಂಪಿನದಾಗಿತ್ತು. ಈಗಿನದು ಇಡೀ ನಗರದ್ದು.

ಅಯ್ಯನವರಿಗೆ ಏನೋ ನಡೆದಿದೆಯೆಂದು ಮಾತ್ರ ಗೊತ್ತಾಗುತ್ತಿತ್ತು. ಬಸ್ಸಿನ ಕಂಡಕ್ಟರು ಚೀಟಿ ಹರಿಯುತ್ತ, “ಸಾರ್, ನೀವೇ ಅಲ್ವಾ ಅದು?” ಎಂದು ಕಿಸಕ್ಕೆನ್ನುತ್ತಿದ್ದ. ಹಣ್ಣಿನವನು ಹೆಂಡತಿಯನ್ನು ಕರೆದು ತೋರಿಸುತ್ತಿದ್ದ. “ಯಾವುದಪ್ಪಾ ಅದು? ನನಗೂ ಸ್ವಲ್ಪ ತೋರ್ಸು,” ಎಂದು ಇವರು ಹತ್ತಿರ ಹೋದರೆ, “ಬೇಡ ಸಾರ್, ನಿಮಗೆ ತೋರಿಸ್ಬಾರ್ದಂತೆ, ಪತ್ರಿಕೇಲಿ ಬರ್ದಿದಾರಂತೆ,” ಎಂದು ಎದೆಗವಚಿಕೊಳ್ಳುತ್ತಿದ್ದರು. ಷರತ್ತೂ ಫೋಟೋದ ಜೊತೆಜೊತೆಗೇ ಪ್ರಯಾಣ ಮಾಡಿತ್ತು.

ಒಂದು ಮಧ್ಯಾಹ್ನ ಜಗಲಿಯಲ್ಲಿ ಕಾವೇರಮ್ಮನವರು ತಮ್ಮ ಫೋನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಅಷ್ಟು ನಕ್ಕದ್ದನ್ನು ಅಯ್ಯನವರು ಕಂಡಿರಲಿಲ್ಲ.

“ಏನೇ ಅದು?” ಎಂದು ಕೇಳಿದರು.

“ನೀವೇ.”

“ಅಷ್ಟು ಚೆನ್ನಾಗಿದೆಯಾ? ಏನು ಮಾಡ್ತಿದೀನಿ ಅದರಲ್ಲಿ?”

ಕಾವೇರಮ್ಮನವರು ಫೋನನ್ನು ನೋಡಿದರು, ಗಂಡನ ಮುಖ ನೋಡಿದರು, ಮತ್ತೆ ಫೋನನ್ನು ನೋಡಿದರು.

“ಸಹಿ ಹಾಕ್ತಿದೀರಿ,” ಎಂದು ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು.